ಪಾದಚಾರಿ ಅಪಘಾತ ವಿಶ್ಲೇಷಣೆ

ನಡೆದು ಹೋಗುವವರಿಗೆ ವಾಹನ ಬಡಿದ ಜಾಗ, ಹೊತ್ತು, ವೇಗ ಮತ್ತು ರಸ್ತೆಯ ರಚನೆಯನ್ನು ಒಟ್ಟಿಗೆ ಪರಿಶೀಲಿಸಿ ಕಾರಣ ಹುಡುಕುವ ಅಧ್ಯಯನ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದ 1,68,491 ಮಂದಿಯಲ್ಲಿ 32,825 ಜನ ಪಾದಚಾರಿಗಳು.

ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೇ 10 ಮಂದಿ ಸತ್ತರೆ, ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ‘ಬ್ಲ್ಯಾಕ್ ಸ್ಪಾಟ್’ ಎನ್ನುತ್ತದೆ. ಪಾದಚಾರಿಗಳ ಮಟ್ಟಿಗೆ ಈ ಅಳತೆಯೊಂದೇ ಸಾಲದು. ಅವರಿಗಾಗುವ ಅಪಘಾತಗಳು ರಸ್ತೆಯುದ್ದಕ್ಕೂ ಚದುರಿರಬಹುದು. ಸ್ಥಳಕ್ಕೆ ಹೋಗಿ ನೋಡಲೇಬೇಕು. ಬಸ್ ನಿಲ್ದಾಣ ಒಂದು ಬದಿಗೆ, ಊರು ಇನ್ನೊಂದು ಬದಿಗೆ ಇರುವಲ್ಲಿ ರಸ್ತೆ ವಿಭಜಕದ ಹುಲ್ಲು ಸವೆದು ಕಾಲುದಾರಿ ಮೂಡಿರುತ್ತದೆ, ಬೇಲಿಯ ಒಂದೆರಡು ಸರಳುಗಳು ಬಾಗಿರುತ್ತವೆ. ಜನ ಎಲ್ಲಿ ದಾಟದೆ ಗತ್ಯಂತರವಿಲ್ಲ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ದಾಖಲೆಯಲ್ಲಿ ‘ಅಜಾಗರೂಕತೆ’ ಎಂದಷ್ಟೇ ಬರೆದರೆ ಉರಿಯದ ಬೀದಿದೀಪ, ಒತ್ತುವರಿಯಾದ ಫುಟ್‌ಪಾತ್, ದೂರದ ಮೇಲ್ಸೇತುವೆ ಎಲ್ಲವೂ ಮರೆಯಾಗುತ್ತವೆ.

ಗಾಯ ಎಷ್ಟು ತೀವ್ರ ಎಂಬುದನ್ನು ಮುಖ್ಯವಾಗಿ ವೇಗ ನಿರ್ಧರಿಸುತ್ತದೆ. ವೇಗ ಇಮ್ಮಡಿಯಾದರೆ ಢಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಜನರೂ ವಾಹನಗಳೂ ಬೆರೆಯುವ ರಸ್ತೆಗಳಿಗೆ ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಸೂಚಿಸಿದ ಗರಿಷ್ಠ ಮಿತಿ ಗಂಟೆಗೆ 30 ಕಿ.ಮೀ.