ಬಾವುಟ ಮುಚ್ಚಿದ ಗಿಡ

ಫೋನ್ ಕೈಯಲ್ಲೇ ಇದೆಯಲ್ಲ, ಕೇಳ್ತಾ ಕೇಳ್ತಾನೇ ಒಂದು ಫೋಟೋ ಹುಡುಕಿ: ಸೋನ್ ಕೀ-ಜಂಗ್, ಬರ್ಲಿನ್ ಒಲಿಂಪಿಕ್ಸ್, 1936. ಮ್ಯಾರಥಾನ್‌ನಲ್ಲಿ ಚಿನ್ನ ಗೆದ್ದ ಹುಡುಗ ಪೋಡಿಯಂ ಮೇಲೆ ನಿಂತಿದ್ದಾನೆ. ತಲೆ ತಗ್ಗಿದೆ, ನಗು ಇಲ್ಲ. ಒಂದು ಕುಂಡವನ್ನ ಎದೆಗೆ ಒತ್ತಿ ಹಿಡಿದಿದ್ದಾನೆ.

ಕುಂಡದಲ್ಲಿರೋದು ಓಕ್ ಸಸಿ. ಜರ್ಮನ್ನರಿಗೆ ಓಕ್ ಅಂದ್ರೆ ಶಕ್ತಿಯ ಗುರುತು. ಹಾಗಾಗಿ ಆ ವರ್ಷ ಚಿನ್ನ ಗೆದ್ದವರಿಗೆ ಪದಕದ ಜೊತೆ ಒಂದು ಸಸಿಯನ್ನೂ ಕೊಟ್ಟರು. ಹಿಟ್ಲರ್ ಸರ್ಕಾರದ ಪ್ರಚಾರ ಗಿಡವನ್ನೂ ಬಿಡಲಿಲ್ಲ ನೋಡಿ.

ಐಸ್ ಏಜ್ ಸಿನಿಮಾದಲ್ಲಿ ಅಳಿಲೊಂದು ಕಾಯಿಯ ಹಿಂದೆ ಬಿದ್ದು ಒದ್ದಾಡುತ್ತಲ್ಲ, ಅದೇ ಓಕ್ ಬೀಜ. ರಾಗಿ, ಹುರುಳಿ ತರ ಇದನ್ನ ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ಸತ್ತೇ ಹೋಗುತ್ತೆ. ಹಸಿ ಇರುವಾಗಲೇ ಮಣ್ಣಿಗೆ ಬೀಳಬೇಕು. ಮೊದಲು ಹೊರಡೋದು ಎಲೆಯಲ್ಲ, ನೇರ ಕೆಳಕ್ಕಿಳಿಯೋ ತಾಯಿಬೇರು. ಕುಂಡದಲ್ಲೇ ಬಹಳ ಕಾಲ ಬಿಟ್ಟರೆ ಆ ಬೇರು ತಳ ಮುಟ್ಟಿ ಸುತ್ತಿಕೊಳ್ಳುತ್ತೆ. ವಾರಗಟ್ಟಲೆ ಹಡಗಲ್ಲಿ ಕೂತು ಊರು ಸೇರಬೇಕಾದವರಿಗೆ ಎಂಥ ಉಡುಗೊರೆ! ಆದರೂ ಕೆಲವು ಬದುಕಿದವು. 1500 ಮೀಟರ್ ಗೆದ್ದ ಜ್ಯಾಕ್ ಲವ್ಲಾಕ್‌ನ ಮರ ನ್ಯೂಜಿಲೆಂಡ್‌ನ ಟಿಮಾರುವಿನಲ್ಲಿ, ಅವನು ಓದಿದ ಶಾಲೆಯ ಆವರಣದಲ್ಲಿದೆ.

ಈಗ ಮತ್ತೆ ಫೋಟೋಗೆ ಬರೋಣ. ಸೋನ್ ಕೊರಿಯಾದವನು. ಆದರೆ 1910ರಿಂದ ಕೊರಿಯಾ ಜಪಾನಿನ ವಸಾಹತು. ಅದಕ್ಕೇ ಅವನು ಓಡಿದ್ದು ಸೋನ್ ಕಿತೇಯಿ ಅನ್ನೋ ಜಪಾನಿ ಹೆಸರಲ್ಲಿ, ಎದೆ ಮೇಲೆ ಜಪಾನಿನ ಸೂರ್ಯ ಹೊತ್ತು. 2 ಗಂಟೆ 29 ನಿಮಿಷ 19.2 ಸೆಕೆಂಡ್, ಒಲಿಂಪಿಕ್ ದಾಖಲೆ. ಜಪಾನಿನ ರಾಷ್ಟ್ರಗೀತೆ ಶುರುವಾದಾಗ ಅವನು ಗಿಡವನ್ನ ಎದೆಗೆ ಎಳೆದುಕೊಂಡು ಆ ಸೂರ್ಯನನ್ನ ಮುಚ್ಚಿದ.

ಮೂರನೇ ಸ್ಥಾನದಲ್ಲಿದ್ದ ನಾಮ್ ಸಂಗ್-ಯಾಂಗ್ ಕೂಡ ಕೊರಿಯಾದವನೇ. ಅವನಿಗೆ ಗಿಡ ಸಿಗಲಿಲ್ಲ. ಸೋನ್‌ನ ಚಿನ್ನ ನೋಡಿ ತನಗೆ ಹೊಟ್ಟೆಕಿಚ್ಚಾಗಲಿಲ್ಲ, ಮುಚ್ಚಿಕೊಳ್ಳೋಕೆ ಅವನ ಕೈಯಲ್ಲಿದ್ದ ಗಿಡ ನೋಡಿ ಆಯ್ತು ಅಂತ ನಾಮ್ ಆಮೇಲೆ ಹೇಳಿದ್ದ. ಈ ಕಥೆಯಲ್ಲಿ ನನ್ನನ್ನ ಹೆಚ್ಚು ಕಾಡೋದು ಅವನೇ.

ಊರಲ್ಲಿ ದೊಂಗ್-ಆ ಇಲ್ಬೋ ಪತ್ರಿಕೆ ಫೋಟೋದಲ್ಲಿದ್ದ ಬಾವುಟವನ್ನೇ ಅಳಿಸಿ ಅಚ್ಚು ಹಾಕಿತು. ಪತ್ರಕರ್ತರು ಜೈಲಿಗೆ ಹೋದರು, ಪತ್ರಿಕೆಗೆ ಸುಮಾರು 9 ತಿಂಗಳು ಬೀಗ ಬಿತ್ತು.

ಅಂದಹಾಗೆ, ಅದೇ ಒಲಿಂಪಿಕ್ಸ್‌ನಲ್ಲಿ ಆಗಸ್ಟ್ 15ರಂದು ಧ್ಯಾನ್ ಚಂದ್ ಪಡೆ ಹಾಕಿ ಫೈನಲ್‌ನಲ್ಲಿ ಜರ್ಮನಿಯನ್ನ 8-1ರಿಂದ ಸೋಲಿಸಿತು. ಮೈದಾನಕ್ಕಿಳಿಯೋ ಮೊದಲು ನಮ್ಮವರೂ ಡ್ರೆಸ್ಸಿಂಗ್ ರೂಮಿನೊಳಗೆ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ ಸೆಲ್ಯೂಟ್ ಹೊಡೆದಿದ್ದರು. ಹೊರಗೆ ಹಾರ್ತಾ ಇದ್ದದ್ದು ಬ್ರಿಟಿಷ್ ಇಂಡಿಯಾದ ಬಾವುಟ.

ಸೋನ್‌ನ ಗಿಡ ನೆಟ್ಟಿದ್ದು ಸೋಲ್‌ನಲ್ಲಿ, ಅವನು ಓದಿದ ಯಾಂಗ್‌ಜಂಗ್ ಶಾಲೆಯ ಅಂಗಳದಲ್ಲಿ. ಆ ಜಾಗ ಈಗ ಅವನ ಹೆಸರಿನ ಪಾರ್ಕ್. ತಮಾಷೆ ಏನು ಗೊತ್ತಾ? ಅಲ್ಲಿ ನಿಂತಿರೋ ಮರ ಜರ್ಮನ್ ಓಕ್ ಅಲ್ಲ, ಉತ್ತರ ಅಮೆರಿಕದ ಪಿನ್ ಓಕ್. ಇನ್ನು ಆ ಚಿನ್ನದ ಪದಕ, ಒಲಿಂಪಿಕ್ ಸಮಿತಿಯ ಪಟ್ಟಿಯಲ್ಲಿ ಇವತ್ತಿಗೂ ಜಪಾನಿನ ಲೆಕ್ಕದಲ್ಲೇ ಇದೆ.