ಮುಂದಿನವನ ಹಂಗು

ಗದಗಿನ ಬಯಲಿನಲ್ಲಿ ಒಮ್ಮೆ ನಾನೂ ಸೈಕಲ್ ಪಂದ್ಯಕ್ಕಿಳಿದಿದ್ದೆ. ಎದುರುಗಾಳಿ ಎದೆಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಮುಂದಿದ್ದ ತರುಣನೊಬ್ಬನ ಬೆನ್ನಿನ ಮರೆ ಹಿಡಿದು ಸಾಗಿದೆ. ಕೊನೆಯ ಫರ್ಲಾಂಗಿನಲ್ಲಿ ಅವನನ್ನೇ ಹಿಂದೆ ಹಾಕಿದೆ. ಚಪ್ಪಾಳೆ ನನಗಾಯಿತು.

1899ರ ಜೂನ್ 30ರಂದು ಅಮೆರಿಕದ ಲಾಂಗ್ ಐಲೆಂಡಿನಲ್ಲಿ ಚಾರ್ಲ್ಸ್ ಮರ್ಫಿ ಎಂಬಾತ, ಓಡುವ ರೈಲಿನ ಹಿಂದೆ, ಹಳಿಗಳ ನಡುವೆ ಹಾಸಿದ ಹಲಗೆಯ ಮೇಲೆ, ಒಂದು ಮೈಲಿಯನ್ನು 57.8 ಸೆಕೆಂಡುಗಳಲ್ಲಿ ಕ್ರಮಿಸಿದ. ಕಡೆಯ ಡಬ್ಬಿಗೆ ಕಟ್ಟಿದ ಮರೆ ಗಾಳಿಯನ್ನು ತಡೆದಿತ್ತು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆಯಷ್ಟೆ.

‘ನಿಮಿಷಕ್ಕೊಂದು ಮೈಲಿಯ ಮರ್ಫಿ’ ಎಂದು ಲೋಕ ಅವನನ್ನು ಕೊಂಡಾಡಿತು. ಎಂಜಿನ್ ನಡೆಸಿದವನನ್ನು ನೆನೆಯುವವರು ವಿರಳ. ಆದರೂ ಮರ್ಫಿ ರೈಲಿನ ಹಂಗನ್ನು ಮುಚ್ಚಿಡಲಿಲ್ಲ. ನಾನೋ, ಬಹುಮಾನ ಹಿಡಿದು ನಿಂತಾಗಲೂ ಆ ತರುಣನ ಹೆಸರನ್ನು ಕೇಳಲಿಲ್ಲ.