ಇವತ್ತು ರೇಟು ಎಷ್ಟು?

ನಮ್ಮ ತಂಡದ ಹುಡುಗನೊಬ್ಬ ಮುಂದಿನ ತಿಂಗಳು ದುಬೈಗೆ ಹೊರಟಿದ್ದಾನೆ. ಹಾವೇರಿ ಕಡೆಯವನು, ಪುಣೆಗೆ ಬಂದು ನಾಲ್ಕು ವರ್ಷವಾಯಿತು. ಮೊನ್ನೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, "ಸರ್, ಅಲ್ಲಿಂದ ತಿಂಗಳಾ ತಿಂಗಳಾ ರೊಕ್ಕ ಕಳಸಬೇಕೋ, ಇಲ್ಲಾ ರೇಟು ಏರೋತನಕ ಅಲ್ಲೇ ಇಟ್ಕೋಬೇಕೋ?" ಎಂದು ಕೇಳಿದ. ನನಗೆ ತಿಳಿದಷ್ಟು ಹೇಳಿದೆ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು, ಅಲ್ಲಿನ ಸಂಬಳಕ್ಕೆ ಎನ್‌ಆರ್‌ಇ ತೆರೆಯಬೇಕು, ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಇತ್ಯಾದಿ. ಐದು ನಿಮಿಷದ ಮಾತು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಕುವೈತಿನ ಮಾವ ನೆನಪಾಗುತ್ತಿದ್ದರು. ಊರಿಗೆ ರಜೆಯಲ್ಲಿ ಬಂದಾಗಲೂ ಪೇಪರು ಬಿಡಿಸಿದ ಕೂಡಲೇ ಅವರು ಹುಡುಕುತ್ತಿದ್ದದ್ದು ಒಂದೇ, ಇವತ್ತು ರೇಟು ಎಷ್ಟು?

ಪರದೇಶದಲ್ಲಿ ದುಡಿಯುವವನಿಗೆ ಈ ಪ್ರಶ್ನೆ ಹುಟ್ಟಿನಿಂದಲೇ ಅಂಟಿಕೊಂಡದ್ದು ಅಂತ ನಾನು ಬಹಳ ದಿನ ನಂಬಿದ್ದೆ. ಹಾಗಿಲ್ಲ. ಕೊಲ್ಲಿಗೆ ಹೋದ ನಮ್ಮವರ ಮಟ್ಟಿಗೆ ಹೇಳುವುದಾದರೆ, ಅದಕ್ಕೆ ಹೆಚ್ಚುಕಡಿಮೆ ಒಂದು ಜನ್ಮದಿನವೇ ಇದೆ. 1966ರ ಜೂನ್ 6.

ಅದಕ್ಕೆ ಮುಂಚೆ ಕೊಲ್ಲಿಯಲ್ಲಿ ನಡೆಯುತ್ತಿದ್ದದ್ದು ರೂಪಾಯಿ. ಮುತ್ತಿನ ವ್ಯಾಪಾರದ ಕಾಲದಿಂದಲೂ ಬಹರೈನ್, ಕತಾರ್, ದುಬೈ, ಮಸ್ಕತ್‌ಗಳ ಸಂತೆಯಲ್ಲಿ ನಮ್ಮ ನೋಟೇ ನೋಟು. ಮುಂಬಯಿಯಿಂದ ಹಡಗು ಹತ್ತಿ ಹೋದವನು ಅಲ್ಲಿ ಇಳಿದು ಸಂಬಳ ಎಣಿಸುತ್ತಿದ್ದದ್ದೂ ರೂಪಾಯಿಯಲ್ಲಿ, ಊರಿಗೆ ಕಳಿಸುತ್ತಿದ್ದದ್ದೂ ರೂಪಾಯಿಯನ್ನೇ. ನಡುವೆ 'ರೇಟು' ಎಂಬ ಮೂರನೆಯವನು ಇರಲಿಲ್ಲ.

ಕಳ್ಳಬಂಗಾರ ಬಂತು, ಈ ನೆಮ್ಮದಿ ಕೆಟ್ಟಿತು. ದುಬೈಯಿಂದ ದೋಣಿಯಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂಗಾರ ಬರುತ್ತಿತ್ತು, ಅದಕ್ಕೆ ಪ್ರತಿಯಾಗಿ ರೂಪಾಯಿ ನೋಟಿನ ಕಟ್ಟುಗಳು ಆಚೆ ಹೋಗುತ್ತಿದ್ದವು. ಆ ಕಟ್ಟುಗಳು ಕೊಲ್ಲಿಯ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೇ ತಿರುಗಿ ಬಂದು, 'ಇದಕ್ಕೆ ಪೌಂಡು ಕೊಡಿ' ಎಂದು ನಿಲ್ಲುತ್ತಿದ್ದವು. ಕೊಡದೆ ವಿಧಿಯಿಲ್ಲ. ಹೀಗೆ ವಿದೇಶಿ ವಿನಿಮಯ ಸೋರುವುದನ್ನು ತಡೆಯಲು ಸರಕಾರ 1959ರ ಮೇ ತಿಂಗಳಲ್ಲಿ ಕೊಲ್ಲಿಗೆಂದೇ ಬೇರೆ ನೋಟು ತಂದಿತು. ಒಂದು, ಐದು, ಹತ್ತು, ನೂರು. ಕ್ರಮಸಂಖ್ಯೆಯ ಮುಂದೆ 'ಝೆಡ್' ಅಕ್ಷರ. ಇಲ್ಲೊಂದು ನಾಣ್ಯ ಪ್ರದರ್ಶನದಲ್ಲಿ ಗಾಜಿನ ಹಿಂದೆ ಹತ್ತರ ನೋಟೊಂದನ್ನು ನೋಡಿದ್ದೇನೆ. ವಿನ್ಯಾಸವೆಲ್ಲ ನಮ್ಮ ಹಳೆಯ ಹತ್ತರದ್ದೇ, ಬಣ್ಣ ಮಾತ್ರ ಕೆಂಪು. ಬೆಲೆ ನಮ್ಮ ರೂಪಾಯಿಗೆ ಸರಿಸಮ, ಆದರೆ ಭಾರತದ ಅಂಗಡಿಯಲ್ಲಿ ನಡೆಯುವಂತಿಲ್ಲ. ಹಜ್ ಯಾತ್ರಿಗಳಿಗೂ ಇದೇ ರೀತಿ ಬೇರೆ ನೋಟು ಅಚ್ಚಾಯಿತು.

ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ತಮ್ಮದೇ ದಿನಾರ್ ಮಾಡಿಕೊಂಡವು. ಆಗಲೂ ದಿನಾರಿಗೆ ಇಷ್ಟು ರೂಪಾಯಿ ಎಂದು ಗೊತ್ತಾದ ಲೆಕ್ಕವಿತ್ತು. ಕುವೈತಿನದಕ್ಕೆ ಹದಿಮೂರು ಚಿಲ್ಲರೆ, ಬಹರೈನಿನದಕ್ಕೆ ಹತ್ತು. ಮಗ್ಗಿ ಬರುವವನಿಗೆ ಸಾಕು. 1966ರ ಜೂನ್ 6ರಂದು ಇಂದಿರಾ ಗಾಂಧಿ ಸರಕಾರ ರೂಪಾಯಿಯ ಅಪಮೌಲ್ಯ ಮಾಡಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಭಾರತದ ಸಾಲ, ಬರ, ಯುದ್ಧದ ಖರ್ಚು ಯಾವುದಕ್ಕೂ ಸಂಬಂಧವಿಲ್ಲದ ದುಬೈಯ ಅಂಗಡಿಯವನ ಪೆಟ್ಟಿಗೆಯಲ್ಲಿದ್ದ ಕೆಂಪು ನೋಟೂ ಅವತ್ತೇ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸೊರಗಿತು. ದಿಲ್ಲಿಯ ಪಾಪಕ್ಕೆ ನಾವೇಕೆ ದಂಡ ತೆರಬೇಕು ಎಂದು ಅಲ್ಲಿನ ದೊರೆಗಳಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕತಾರ್ ಮತ್ತು ದುಬೈ ಸೇರಿ ಹೊಸ ರಿಯಾಲ್ ತಂದವು, ಅಬುಧಾಬಿ ಬಹರೈನಿನ ದಿನಾರ್ ಹಿಡಿಯಿತು. ಒಮಾನ್ ಮಾತ್ರ 1970ರವರೆಗೆ ಕೊಲ್ಲಿ ರೂಪಾಯಿಯನ್ನು ಎಳೆದುಕೊಂಡು ಹೋಯಿತು.

ಆ ಹೊಸ ಕತಾರ್-ದುಬೈ ರಿಯಾಲಿನ ಬೆಲೆಯನ್ನು ಅಪಮೌಲ್ಯಕ್ಕೆ ಮುಂಚಿನ ರೂಪಾಯಿಗೆ ಸಮನಾಗಿ ಇಟ್ಟರು. ಅಂದರೆ ನೂರು ರಿಯಾಲ್ ದುಡಿದು ಊರಿಗೆ ಕಳಿಸಿದರೆ ಕೈಗೆ ಬರುವುದು ಸುಮಾರು 157 ರೂಪಾಯಿ. ಊರಲ್ಲಿ ರೂಪಾಯಿ ಬಿದ್ದರೆ ಹೊರಗಿದ್ದವನ ಸಂಬಳ ಏರುತ್ತದೆ ಎಂಬ ವಿಚಿತ್ರ ಸುಖ ನಮ್ಮವರಿಗೆ ಪರಿಚಯವಾದದ್ದು ಹೀಗೆ. ನನಗೆ ಈ ಸುಖದ ಬಗ್ಗೆ ಇವತ್ತಿಗೂ ಸ್ವಲ್ಪ ಮುಜುಗರವಿದೆ. ರೂಪಾಯಿ ಕುಸಿಯಿತು ಎಂಬ ಸುದ್ದಿಗೆ ಆನ್‌ಸೈಟ್ ಗೆಳೆಯರು ವಾಟ್ಸಾಪಿನಲ್ಲಿ ನಗುವ ಮುಖ ಹಾಕಿದಾಗ, ಅವರ ಅಪ್ಪ ಅಮ್ಮ ಇಲ್ಲಿ ಅದೇ ರೂಪಾಯಿಯಲ್ಲಿ ಗ್ಯಾಸ್ ಸಿಲಿಂಡರ್ ತರಿಸುತ್ತಾರಲ್ಲ ಅನ್ನಿಸುತ್ತದೆ.

ಮಾವನ ಕಥೆ ಶುರುವಾಗುವುದು ಮುಂಬಯಿಯಲ್ಲಿ. ಉಡುಪಿ ಹತ್ತಿರದ ಹಳ್ಳಿಯಿಂದ ಬಂದು ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ, ಆಮೇಲೆ ಟೈಪಿಂಗ್, ಲೆಕ್ಕಪತ್ರ. ಮುಂಬಯಿ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಕೊಲ್ಲಿಯ ಬಾಗಿಲೇ ಮುಂಬಯಿ. ಬಜ್ಪೆಯಲ್ಲಿ 1951ರಿಂದ ವಿಮಾನ ಇಳಿಯುತ್ತಿದ್ದರೂ ಅಲ್ಲಿಂದ ನೇರ ಹೊರದೇಶಕ್ಕೆ ಹಾರಿದ್ದು 2006ರಲ್ಲಿ. ಮಾವ 1978ರಲ್ಲಿ ಇಲ್ಲಿಂದಲೇ ಕುವೈತಿಗೆ ಹೋದರು, ಒಂದು ಸಗಟು ಅಂಗಡಿಯ ಲೆಕ್ಕ ಬರೆಯಲು.

ಹೊರಡುವವನ ಜೇಬಿಗೆ ಸರಕಾರ ಆಗ ಬಿಡುತ್ತಿದ್ದ ವಿದೇಶಿ ಹಣ ಎಷ್ಟು ಕಡಿಮೆಯಿತ್ತೆಂದರೆ, 1960-70ರ ದಶಕದಲ್ಲಿ ಹೋದವರೆಲ್ಲ 'ಎಂಟು ಡಾಲರ್ ಹಿಡಿದು ಹೋದೆವು' ಎನ್ನುತ್ತಾರೆ. ಹೋಗುವಾಗ ಹೀಗೆ ಬಿಗಿ ಹಿಡಿದ ಸರಕಾರ ಬರುವ ಹಣಕ್ಕೆ ಮಾತ್ರ ಬಾಗಿಲು ತೆರೆದಿಟ್ಟಿತ್ತು. 1970ರಲ್ಲಿ ಎನ್‌ಆರ್‌ಇ ಖಾತೆ ಬಂತು. ಹೊರಗಿನ ಹಣ ತಂದು ರೂಪಾಯಿಯಲ್ಲಿಡು, ಬೇಕೆಂದಾಗ ವಾಪಸು ಒಯ್ಯಿ ಎಂಬ ಭರವಸೆ. 1975ರಲ್ಲಿ ಎಫ್‌ಸಿಎನ್‌ಆರ್ ಠೇವಣಿ ಬಂತು. ಅದರಲ್ಲಿ ಡಾಲರು, ಪೌಂಡು ಹಾಗೆಯೇ ಉಳಿಯುತ್ತವೆ. ರೂಪಾಯಿ ಬಿದ್ದರೆ ಆಗುವ ನಷ್ಟವನ್ನು ರಿಸರ್ವ್ ಬ್ಯಾಂಕೇ ಹೊರುತ್ತಿತ್ತು. ಪ್ರಾಜೆಕ್ಟ್ ಮ್ಯಾನೇಜರನ ಕಣ್ಣಿಗೆ ಇದೊಂದು ಘೋರ ಒಪ್ಪಂದ. ಇಡೀ ರಿಸ್ಕು ಒಂದೇ ಕಡೆ, ಮಿತಿಯೇ ಇಲ್ಲ.

ಇವೆರಡರ ಜೊತೆಗೆ ಮೂರನೆಯ ದಾರಿಯೊಂದಿತ್ತು, ಯಾವ ಅರ್ಜಿಯಲ್ಲೂ ಬರೆಯದ್ದು. ಹುಂಡಿ ಅನ್ನಿ, ಹವಾಲಾ ಅನ್ನಿ. ಬ್ಯಾಂಕಿನ ಡ್ರಾಫ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಊರಿಗೆ ಬಂದು, ಜಮಾ ಆಗುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು. ಹುಂಡಿಯವನಿಗೆ ಅಲ್ಲಿ ದಿನಾರ್ ಕೊಟ್ಟರೆ, ಎರಡು ಮೂರು ದಿನದಲ್ಲಿ ಅವನ ಕಡೆಯವನು ಹಳ್ಳಿಯ ಮನೆ ಬಾಗಿಲಿಗೆ ಬಂದು ರೂಪಾಯಿ ಎಣಿಸಿ ಹೋಗುತ್ತಿದ್ದ, ಅದೂ ಬ್ಯಾಂಕಿಗಿಂತ ಒಳ್ಳೆಯ ರೇಟಿಗೆ. ಹಣ ಗಡಿ ದಾಟುತ್ತಲೇ ಇರಲಿಲ್ಲ. ಅಲ್ಲಿ ಉಳಿದ ದಿನಾರಿನಲ್ಲಿ ಇನ್ಯಾರೋ ಬಂಗಾರವನ್ನೋ ಸರಕನ್ನೋ ಕೊಳ್ಳುತ್ತಿದ್ದರು. 1974ರ ಜನವರಿಯಿಂದ ಜಾರಿಗೆ ಬಂದ ಫೆರಾ ಕಾಯ್ದೆಯಲ್ಲಿ ಇದಕ್ಕೆ ಜೈಲೇ ಇತ್ತು. ಆದರೂ ನಡೆಯುತ್ತಿತ್ತು. ಸರಕಾರ ಕಟ್ಟಿದ ರೇಟಿಗೂ ಪೇಟೆಯ ರೇಟಿಗೂ ಅಂತರವಿರುವಷ್ಟು ದಿನ ಕಾನೂನಿನ ಹೆದರಿಕೆ ಅಷ್ಟಕ್ಕಷ್ಟೇ. 1993ರಲ್ಲಿ ರೇಟನ್ನು ಪೇಟೆಗೆ ಬಿಟ್ಟ ಮೇಲೆ ಹುಂಡಿಯ ಆಕರ್ಷಣೆ ತಗ್ಗಿತು. ಫೆರಾ ಹೋಗಿ 2000ದ ಜೂನ್‌ನಲ್ಲಿ ಫೆಮಾ ಜಾರಿಯಾದಾಗ ಇಂಥ ಹೆಚ್ಚಿನ ತಪ್ಪುಗಳಿಗೆ ಜೈಲಿನ ಬದಲು ದಂಡ ಬಂತು.

ಮಾವ ಹುಂಡಿಯ ಸಹವಾಸಕ್ಕೆ ಹೋಗಲಿಲ್ಲ. ಸಾಧುತನಕ್ಕಿಂತ ಹೆಚ್ಚಾಗಿ ಲೆಕ್ಕಿಗನ ಬುದ್ಧಿ ಅದು. ಹುಂಡಿಯ ಹಣ ಎಲ್ಲಿಂದ ಬಂತೆಂದು ತೋರಿಸಲಾಗದು, ಎನ್‌ಆರ್‌ಇ ಖಾತೆಗೆ ಕಟ್ಟಲಾಗದು, ನಾಳೆ ಮನೆ ಕಟ್ಟಿದರೆ ಇನ್‌ಕಮ್ ಟ್ಯಾಕ್ಸಿನವನಿಗೆ ಉತ್ತರ ಕೊಡಲಾಗದು. ಬ್ಯಾಂಕಿನ ಮೇಲಿನ ನಂಬಿಕೆಯೂ ನಮ್ಮ ಕರಾವಳಿಯವರಿಗೆ ತುಸು ಹೆಚ್ಚೇ. 1928ರಷ್ಟು ಹಿಂದೆಯೇ ಪಿಗ್ಮಿಯವನು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೇಳಿ ಒಯ್ಯುತ್ತಿದ್ದ ಊರದು. ಹಾಗಾಗಿ ಮಾವನ ಹಣ ಎರಡು ಪಾಲಾಗುತ್ತಿತ್ತು. ಒಂದು ಪಾಲು ಉಡುಪಿಯ ಎನ್‌ಆರ್‌ಇಗೆ, ಇನ್ನೊಂದು ಕುವೈತಿನ ಬ್ಯಾಂಕಿನಲ್ಲಿ ದಿನಾರಾಗಿಯೇ. ಕುವೈತಿ ದಿನಾರ್ ಮೂರು ಡಾಲರಿಗಿಂತ ಹೆಚ್ಚು ಬಾಳುತ್ತಿತ್ತು. ಅದಕ್ಕಿಂತ ಗಟ್ಟಿ ಯಾವುದಿದೆ ಎಂಬುದು ಅವರ ವಾದ.

1990ರ ಆಗಸ್ಟ್ 2ರ ಬೆಳಿಗ್ಗೆ ಆ ವಾದ ಮುಗಿಯಿತು. ಇರಾಕಿ ಸೈನ್ಯ ಕುವೈತಿಗೆ ನುಗ್ಗಿತು. ಬ್ಯಾಂಕುಗಳು ಮುಚ್ಚಿದವು. ಕೆಲವೇ ವಾರಗಳಲ್ಲಿ ಇರಾಕ್ ಸರಕಾರ ಕುವೈತಿ ದಿನಾರ್ ತನ್ನ ದಿನಾರಿಗೆ ಸಮ ಎಂದು ಘೋಷಿಸಿ, ಆಮೇಲೆ ಅದನ್ನು ರದ್ದೇ ಮಾಡಿತು. ನಮ್ಮವರು ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನ ಹತ್ತಿದರು. ಹೀಗೆ ಬಂದವರು ಸುಮಾರು 1.7 ಲಕ್ಷ ಜನ. ಮಾವ ಮುಂಬಯಿಯಲ್ಲಿ ಇಳಿದಾಗ ಅವರ ಬಳಿ ಇದ್ದದ್ದು ಒಂದು ಕೈಚೀಲ ಮತ್ತು ಒಂದಿಷ್ಟು ದಿನಾರ್ ನೋಟು. ಮೊನ್ನೆ ಮೊನ್ನೆಯವರೆಗೆ ಜಗತ್ತಿನ ಅತಿ ಗಟ್ಟಿ ಹಣವಾಗಿದ್ದ ಆ ನೋಟನ್ನು ಮುಟ್ಟಲು ಯಾರೂ ತಯಾರಿರಲಿಲ್ಲ. ಮುಂದೆ 1991ರ ಮಾರ್ಚಿನಲ್ಲಿ ಬಿಡುಗಡೆಗೊಂಡ ಕುವೈತ್ ಹೊಸ ನೋಟು ತಂದು, ಸೈನ್ಯ ಲೂಟಿ ಮಾಡಿದ ಕ್ರಮಸಂಖ್ಯೆಗಳನ್ನು ರದ್ದು ಮಾಡಿತು.

ಇತ್ತ ನಮ್ಮ ಮನೆಯೂ ಸರಿಯಿರಲಿಲ್ಲ. ಯುದ್ಧದಿಂದ ತೈಲದ ಬೆಲೆ ಏರಿತ್ತು, ಕೊಲ್ಲಿಯ ಹಣ ನಿಂತಿತ್ತು, ಅನಿವಾಸಿಗಳು ಹೆದರಿ ಠೇವಣಿ ವಾಪಸು ಪಡೆಯುತ್ತಿದ್ದರು. 1991ರ ಜುಲೈಯಲ್ಲಿ 47 ಟನ್ ಬಂಗಾರ ಇಂಗ್ಲೆಂಡ್ ಮತ್ತು ಜಪಾನ್ ಬ್ಯಾಂಕುಗಳಿಗೆ ಅಡವು ಹೋಯಿತು. ಅದೇ ತಿಂಗಳ 1 ಮತ್ತು 3ರಂದು ರೂಪಾಯಿಯನ್ನು ಎರಡು ಕಂತಿನಲ್ಲಿ ಇಳಿಸಿದರು. ಎಫ್‌ಸಿಎನ್‌ಆರ್‌ನಲ್ಲಿ ಡಾಲರು ಇಟ್ಟಿದ್ದವರಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ರಿಸರ್ವ್ ಬ್ಯಾಂಕಿನ ತಲೆಗೆ. ಆ ಪಾಠದಿಂದಲೇ 1993ರಲ್ಲಿ ಬಂದ ಹೊಸ ಎಫ್‌ಸಿಎನ್‌ಆರ್ ಯೋಜನೆಯಲ್ಲಿ ರಿಸ್ಕನ್ನು ಬ್ಯಾಂಕುಗಳಿಗೆ ದಾಟಿಸಿದರು.

ಮಾವನ ಸ್ನೇಹಿತರೊಬ್ಬರು ಡಾಲರಿನಲ್ಲಿ ಇಟ್ಟು ಗೆದ್ದವರು. ಅವರ ಮಾತು ಬಂದಾಗಲೆಲ್ಲ ಮಾವ, "ನನಗೆ ಡಾಲರು ಕೊಟ್ಟು ಕುಚ್ಚಲಕ್ಕಿ ತರ್ಲಿಕ್ಕುಂಟಾ ಮಾರಾಯ?" ಎನ್ನುತ್ತಿದ್ದರು. ಅರ್ಧ ಸಮಾಧಾನ, ಅರ್ಧ ಸತ್ಯ. ಅಕ್ಕಿಯ ಬೆಲೆಯೂ ಆ ವರ್ಷ ಸುಮ್ಮನೆ ಕೂತಿರಲಿಲ್ಲ. ಆದರೆ ಅವರ ಮಕ್ಕಳ ಶಾಲೆ ಉಡುಪಿಯಲ್ಲಿ, ಮನೆ ಉಡುಪಿಯಲ್ಲಿ, ಮುದಿತನವೂ ಅಲ್ಲೇ. ಎಲ್ಲಿ ಖರ್ಚು ಮಾಡುತ್ತೇವೋ ಆ ಊರಿನ ಹಣದಲ್ಲಿ ಇಟ್ಟವನು ಆಟದಲ್ಲಿ ಗೆಲ್ಲದಿರಬಹುದು, ಬೀದಿಗೆ ಮಾತ್ರ ಬೀಳುವುದಿಲ್ಲ. ಅವರನ್ನು ಆ ವರ್ಷ ಸಾಕಿದ್ದು ಗಟ್ಟಿ ದಿನಾರ್ ಅಲ್ಲವೇ ಅಲ್ಲ, ದಿನೇ ದಿನೇ ಸೊರಗುತ್ತಿದ್ದ ಎನ್‌ಆರ್‌ಇ ರೂಪಾಯಿ.

ಇನ್ನು ಪರಿಹಾರದ ವಿಷಯ. ಕುವೈತಿನಿಂದ ಓಡಿಬಂದವರಿಗೆ ಇರಾಕಿನ ತೈಲದ ಹಣದಿಂದ ಪರಿಹಾರ ಕೊಡಿಸಲು ವಿಶ್ವಸಂಸ್ಥೆ 1991ರಲ್ಲಿ ಒಂದು ಆಯೋಗ ಮಾಡಿತು. ಅರ್ಜಿಯಲ್ಲಿ ಒಂದು ಆಯ್ಕೆಯಿತ್ತು. ದೇಶ ಬಿಟ್ಟದ್ದಕ್ಕೆ ಮಾತ್ರ ಒಂಟಿ ಅರ್ಜಿದಾರನಿಗೆ 4,000 ಡಾಲರ್, ಅಷ್ಟಕ್ಕೇ ತೃಪ್ತಿಪಟ್ಟು ಬೇರೇನೂ ಕೇಳುವಂತಿಲ್ಲ. ಇಲ್ಲವೇ 2,500 ಡಾಲರ್ ತೆಗೆದುಕೊಂಡು, ಹೋದ ಸಂಬಳ, ಸಾಮಾನು, ಬ್ಯಾಂಕಿನ ಹಣಕ್ಕೆಲ್ಲ ಬೇರೆ ಅರ್ಜಿ. ಅದರ ಒಂದು ವರ್ಗದಲ್ಲೇ ಒಂದು ಲಕ್ಷ ಡಾಲರ್‌ವರೆಗೆ ಕೇಳಬಹುದಿತ್ತು, ಆದರೆ ದಾಖಲೆ ಬೇಕು. ಮಾವನ ದಾಖಲೆಗಳೆಲ್ಲ ಕುವೈತಿನ ಕೋಣೆಯಲ್ಲಿ ಉಳಿದಿದ್ದವು. ಅಂಗಡಿಯೇ ಇರಲಿಲ್ಲ, ಧಣಿ ಎಲ್ಲಿದ್ದಾನೋ ಗೊತ್ತಿಲ್ಲ. ಅವರು 4,000ಕ್ಕೆ ರುಜು ಹಾಕಿದರು. ಇರಾಕಿನ ತೈಲ ಮಾರಾಟ ಶುರುವಾಗಿ ಆ ಹಣ ಕೈಗೆ ಬರುವಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ಆಯೋಗ ಕೊನೆಯ ಕಂತು ಕೊಟ್ಟು ಲೆಕ್ಕ ಮುಗಿಸಿದ್ದು 2022ರಲ್ಲಿ.

2011ರಲ್ಲಿ ಮಾವನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಯಿತು. ಒಳಗೆ ಸಂಬಳದ ಚೀಟಿಗಳು. ಅವಿಭಕ್ತ ಕುಟುಂಬದಲ್ಲಿ 'ತಮ್ಮ ಅಲ್ಲಿ ಎಷ್ಟು ದುಡಿಯುತ್ತಾನೋ, ಎಷ್ಟು ಕಳಿಸುತ್ತಾನೋ' ಎಂಬ ಮಾತು ಬರಬಾರದೆಂದು, ಮಾವ ಆಗ ಪ್ರತಿ ತಿಂಗಳ ಕಾಗದದ ಜೊತೆ ಚೀಟಿಯನ್ನೂ ಇಟ್ಟು ಕಳಿಸುತ್ತಿದ್ದರಂತೆ. ಅಣ್ಣ ನೋಡಿ ಕೊಟ್ಟ ಮೇಲೆ ಅತ್ತೆ ಅದನ್ನು ಡಬ್ಬಕ್ಕೆ ಹಾಕುತ್ತಿದ್ದರು. ಹನ್ನೆರಡು ವರ್ಷದ್ದೂ ಇತ್ತು. ಎರಡು ತಿಂಗಳಿನದು ಮಾತ್ರ ಇರಲಿಲ್ಲ.

"ಇದುಂಟು ಅಂತ ನೀನು ಹೇಳ್ಲಿಲ್ಲ ಯಾಕೆ?" ಎಂದು ಮಾವ ಕೇಳಿದರು.

"ನೀವು ಕೇಳ್ಲಿಲ್ಲ" ಎಂದರು ಅತ್ತೆ.

ಮಾವ ಅವತ್ತು ಮಧ್ಯಾಹ್ನವೆಲ್ಲ ಚೀಟಿಗಳನ್ನು ವರ್ಷವಾರು ಜೋಡಿಸುತ್ತ ಕೂತಿದ್ದರು. ಎರಡು ವರ್ಷದ ಮೇಲೆ, 2013ರ ಆಗಸ್ಟಿನಲ್ಲಿ ಡಾಲರು 68 ದಾಟಿ, ರಿಸರ್ವ್ ಬ್ಯಾಂಕ್ ಮತ್ತೆ ಅನಿವಾಸಿಗಳ ಡಾಲರಿಗೆ ಕೈಚಾಚಿ ಬ್ಯಾಂಕುಗಳಿಗೆ ವಿಶೇಷ ಸವಲತ್ತು ಕೊಟ್ಟಾಗ, ಮೂರೇ ತಿಂಗಳಲ್ಲಿ ಸುಮಾರು 26 ಬಿಲಿಯನ್ ಡಾಲರ್ ಠೇವಣಿ ಬಂದು ಬಿತ್ತು. ಸಾಲ ಮಾಡಿ ಡಾಲರು ತಂದು ಇಟ್ಟವರೂ ಇದ್ದರು. ನಾನು ಫೋನಿನಲ್ಲಿ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಮಾವ ಕೇಳಿಸಿಕೊಂಡು, "ರಸೀದಿ ಎಲ್ಲ ಜಾಗ್ರತೆ ಇಟ್ಕೊಳ್ತಾರಾ?" ಎಂದಷ್ಟೇ ಕೇಳಿದರು.

ಮರುದಿನ ಹಾವೇರಿಯ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನ ಅಪ್ಪನಿಗೆ ಮಗನ ಹೆಸರಲ್ಲಿ ನಾಲ್ಕೆಕರೆ ಹೊಲ ತೆಗೆದುಕೊಳ್ಳುವ ಆಸೆಯಂತೆ. ಅನಿವಾಸಿಯಾದ ಮೇಲೆ ಕೃಷಿಭೂಮಿ ಪಿತ್ರಾರ್ಜಿತವಾಗಿ ಬರಬಹುದು, ಕೊಳ್ಳುವಂತಿಲ್ಲ, ಹೋಗುವ ಮುಂಚೆಯೇ ಅದನ್ನು ಯೋಚಿಸು ಎಂದೆ. ರೇಟಿನ ಬಗ್ಗೆ, ಊರಿಗೆ ಬೇಕಾದಷ್ಟನ್ನು ತಿಂಗಳಾ ತಿಂಗಳಾ ಕಳಿಸು ಎಂದೆ. ಚೀಟಿಗಳ ಮಾತಿಗೆ ಅವನು ನಕ್ಕ. "ಈಗೆಲ್ಲಾ ಪೋರ್ಟಲ್‌ನಾಗೇ ಇರ್ತಾವಲ್ಲ ಸರ್."

"ಕೆಲಸ ಬಿಟ್ಟ ದಿನ ಸಂಜೆ ಆ ಪೋರ್ಟಲಿನ ಲಾಗಿನ್ನೂ ಹೋಗುತ್ತಪ್ಪ" ಎಂದೆ.

ತನ್ನ ಸೀಟಿಗೆ ಹೋದವನು ನಾಲ್ಕು ವರ್ಷದ ಚೀಟಿಗಳನ್ನೆಲ್ಲ ಇಳಿಸಿಕೊಳ್ಳುತ್ತ ಕೂತ. ಅದರಲ್ಲಿ ಎರಡು ತಿಂಗಳಿನವು ತೆರೆದುಕೊಳ್ಳುತ್ತಿಲ್ಲವಂತೆ, ಎಚ್‌ಆರ್‌ಗೆ ಮೇಲ್ ಹಾಕಿದ್ದಾನೆ.